ಅಳತೆಗೆ ಸರಿಯಾದ ಕುಲಾವಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಮ್ಮ ಹೇಮಂತ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಅವತ್ತು ಸಂಶಿ ದಾಟಿ ಕುಲಾವಿ ಊರಿನಲ್ಲಿ ಬಸ್ಸಿಳಿದಾಗ ನನಗೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಹೇಮಂತನ ಹೆಂಡತಿ ಶೈಲಾಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಕೂಸು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಇದರ ಹಿಂದಿನದು ಉಳಿದಿರಲಿಲ್ಲ. ಹಾಗಾಗಿ ಬಾಯಿಬಿಟ್ಟು ಖುಷಿಪಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೆಳಗ್ಗೆ ಸಿಸ್ಟರ್ ಬಂದು, ಕೂಸಿನ ಮೈ ಪದೇ ಪದೇ ತಣ್ಣಗಾಗುತ್ತಿದೆ, ತಲೆಗೆ ಮೆತ್ತನೆಯದೊಂದು ಟೊಪ್ಪಿಗೆ ಬೇಕು, ಬಿಗಿಯಾಗಬಾರದು, ಮೂಗಿನ ಮೇಲೆ ಜಾರಲೂಬಾರದು ಎಂದರು. ಅಂಗಡಿಯಲ್ಲಿ ಸಿಕ್ಕ ಎಲ್ಲಕ್ಕಿಂತ ಸಣ್ಣ ಟೊಪ್ಪಿಗೆ ಕೂಸಿನ ಗದ್ದದವರೆಗೂ ಇಳಿಯಿತು. ಇಷ್ಟು ಸಣ್ಣದಕ್ಕೆ ಕೈ ಹಾಕುವುದಿಲ್ಲ ಎಂದು ಟೇಲರ್ ಕೈ ಮುಗಿದ. ಹೇಗೂ ಕೂಸಿನ ತಲೆಗೆ ಕುಲಾವಿ ತರುವುದು ಸೋದರತ್ತೆಯ ಕೆಲಸ. ಸಿಸ್ಟರ್ ಕೂಸಿನ ತಲೆಯ ಸುತ್ತ ಬ್ಯಾಂಡೇಜಿನ ಪಟ್ಟಿ ಹಿಡಿದು, ಸರಿಯಾಗಿ ಅಷ್ಟಕ್ಕೇ ಕತ್ತರಿಸಿ ಕೊಟ್ಟರು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಆ ಊರಿಗೆ ಬೇರೆ ಹೆಸರಿದೆ. ಅದು ಬಸ್ಸಿನ ಬೋರ್ಡಿನ ಮೇಲಷ್ಟೇ ಉಳಿದಿದೆ. ಸುತ್ತಲಿನವರಿಗೆಲ್ಲ ಅದು ಕುಲಾವಿ ಊರು. ಒಂದು ಓಣಿಯ ತುಂಬ ಕಟ್ಟೆಗೊಂದು ಹೊಲಿಗೆ ಮಷೀನು. ಹಳೆಯ ಸೀರೆಗಳನ್ನು ಒಗೆದು ಒಗೆದು ಮೆತ್ತಗೆ ಮಾಡಿ, ಅದರಲ್ಲೇ ಕೂಸುಗಳ ಟೊಪ್ಪಿಗೆ ಹೊಲಿಯುತ್ತಾರೆ. ನಮ್ಮ ಮನೆಯ ತಲೆಗಳೆಲ್ಲ ಆ ಓಣಿಯ ಕುಲಾವಿಯೊಳಗೇ ಬೆಳೆದವು.

ಮೊದಲ ಕಟ್ಟೆಯಲ್ಲಿದ್ದವಳು ಅಮೀರಬಿ. ವಯಸ್ಸಾದ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ನಾನು ಪಟ್ಟಿ ಕೊಟ್ಟೆ.

"ಸರಿಯಾಗಿ ಇಷ್ಟ ಬೇಕ್ರಿ ಕಾಕಿ. ಒಂದ ಎಳಿ ಹೆಚ್ಚ ಬ್ಯಾಡ."

ಅವಳು ಪಟ್ಟಿಯನ್ನು ಅಂಗೈ ಮೇಲೆ ಹಾಸಿ ನೋಡಿದಳು. "ಹಂಗ ಹೊಲಿಯಾಂಗಿಲ್ಲವಾ. ಕೂಸಿಂದು ಅಂದ್ರ ಎರಡ ಬಟ್ಟು ಹೆಚ್ಚ ಬಿಟ್ಟ ಕತ್ತರಿ ಹಾಕೋದು. ತಲಿ ಬೆಳಿಯಾಕ ಜಾಗಾ ಬೇಕು."

"ಹೆಚ್ಚ ಬಿಟ್ರ ಮೂಗಿನ ಮ್ಯಾಲೆ ಇಳಿತೈತ್ರಿ. ಮೊದಲ ಅದಕ್ಕ ಉಸರಾಡಾಕ ತ್ರಾಸು."

"ಹಿಂದ ಒಂದ ಪಿನ್ನ ಹಚ್ಚಕೋ."

"ಪೆಟಗ್ಯಾಗ ಪಿನ್ನ ಬಿಡಾಂಗಿಲ್ರಿ. ಮಡಚಿ ಹೊಲದ್ರ ಎಳೀ ತಲಿಗೆ ಒತ್ತತೈತಿ."

ಅಮೀರಬಿ ಪಟ್ಟಿಯನ್ನು ಮೆಲ್ಲಗೆ ನನ್ನ ಕೈಗೇ ವಾಪಸ್ಸಿಟ್ಟಳು. "ಸರಿ ಅಳತಿಗೆ ಹರಿಯೋ ಅರಿವಿ ಒಂದ ಐತಿ ತಂಗಿ. ಅದನ್ನ ಮಣ್ಣಿಗೆ ಹೋಗೋರಿಗೆ ಹರಿತಾರ. ಕೂಸಿಗೆ ಆ ಕೆಲಸಾ ನಮ್ಮ ಓಣ್ಯಾಗ ಯಾರೂ ಮಾಡಾಂಗಿಲ್ಲ."

ಆಗ ಬಂತು ನೋಡಿ ಸಿಟ್ಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಂತಾಯಿತು. "ಅಲ್ಲಿ ಕೂಸು ತಣ್ಣಗಾಗಾಕತ್ತೈತಿ, ಇಲ್ಲಿ ನೀವು ಶಾಸ್ತ್ರಾ ಹೇಳ್ತೀರಲ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅಕ್ಕಪಕ್ಕದ ಮಷೀನುಗಳು ನಿಂತವು. ಎರಡನೆಯ ಕಟ್ಟೆಯವಳು ಕೇಳುವ ಮೊದಲೇ ತಲೆ ಅಲ್ಲಾಡಿಸಿದಳು. ಮೂರನೆಯವಳು, "ಎರಡ ಬಟ್ಟು ಬಿಟ್ರ ಈಗಿಂದೀಗ ಹೊಲದ ಕೊಡತೇನ್ರಿ" ಅಂದಳು. ಅಷ್ಟರಲ್ಲಿ ಫೋನು ಬಂತು.

"ಅಕ್ಕಾ, ಎಲ್ಲಿದ್ದಿ?" ಹೇಮಂತನ ದನಿ ನಡುಗುತ್ತಿತ್ತು. "ಮತ್ತ ತಣ್ಣಗಾಗೇತಂತ. ಲಗು ಬಾ."

ನಾನು ಓಣಿಯ ತಿರುವಿಗೆ ಬಂದು ಬೇವಿನ ಮರದ ಮರೆಯಲ್ಲಿ ನಿಂತೆ. ಅಳು ಬರಲಿಲ್ಲ, ಉಪಾಯ ಬಂತು. ಎರಡು ಬೆರಳು ಹೆಚ್ಚು ಬಿಡುತ್ತಾರಲ್ಲ, ಬಿಡಲಿ. ಪಟ್ಟಿಯ ತುದಿಗೆ ಎರಡು ಬೆರಳಿಟ್ಟು, ಅಷ್ಟನ್ನು ಹಲ್ಲಿನಿಂದ ಕಚ್ಚಿ ಹರಿದೆ. ಹರಿಯುವಾಗ ಬಂದ ಸಣ್ಣ ಸದ್ದಿಗೆ ಮೈ ಜುಮ್ಮೆಂದಿತು. ಹುಚ್ಚಿ, ಇದೆಲ್ಲ ನಂಬುವವಳೇನು ನೀನು ಎಂದು ನನ್ನನ್ನೇ ಬೈದುಕೊಂಡೆ.

ತಿರುವಿನಾಚೆ ರೇವವ್ವನ ಕಟ್ಟೆ. ನನ್ನ ಕೂಗಾಟ ಅಲ್ಲಿಯವರೆಗೆ ಹೋಗಿರಲಿಲ್ಲ. ಅವಳು ಪಟ್ಟಿ ನೋಡಿ, "ಶಿವನ! ಇಷ್ಟ ಸಣ್ಣದಾ?" ಎಂದು ಲೊಚಗುಟ್ಟಿದಳು. ಬಟ್ಟೆಯ ಮೇಲೆ ಪಟ್ಟಿ ಹಾಸಿ, ಅದರ ತುದಿಗೆ ತನ್ನೆರಡು ಬೆರಳಿಟ್ಟು, ಆಮೇಲೆ ಕತ್ತರಿ ಹಾಕಿದಳು. ನನ್ನ ಲೆಕ್ಕ ಸರಿಹೋಯಿತು.

ಅರ್ಧ ಹೊಲಿಗೆ ಆಗಿತ್ತು. ದಾರದುಂಡೆ ಕೇಳಲು ಅಮೀರಬಿ ಬಂದಳು. ನನ್ನನ್ನು ನೋಡಿದಳು, ಮಷೀನಿನ ಪಕ್ಕದಲ್ಲಿದ್ದ ಪಟ್ಟಿಯನ್ನೂ ನೋಡಿದಳು. ಹರಿದ ತುದಿಯಲ್ಲಿ ಎಳೆಗಳು ಕಿತ್ತುಕೊಂಡು ನಿಂತಿದ್ದವು. ಒಂದು ಮಾತು ಆಡಿದರೆ ಸಾಕಿತ್ತು, ರೇವವ್ವ ಹೊಲಿಗೆ ನಿಲ್ಲಿಸುತ್ತಿದ್ದಳು.

ಅಮೀರಬಿ ನನ್ನ ಹತ್ತಿರ ಬಗ್ಗಿ, ಮಷೀನಿನ ಸದ್ದಿನಲ್ಲಿ ನನಗಷ್ಟೇ ಕೇಳುವಂತೆ, "ತಲಿ ಸಣ್ಣದಾತೇನ ತಂಗಿ?" ಎಂದಳು.

ಅವಳು ದಾರದುಂಡೆಯನ್ನೂ ತೆಗೆದುಕೊಳ್ಳದೆ ಹೊರಟುಹೋದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹಾಗೆ ಸುಮ್ಮನೆ ಹೋದದ್ದು ನನ್ನನ್ನು ಕೊಂದುಹಾಕಿತು.

ಕುಲಾವಿ ಕೂಸಿನ ತಲೆಗೆ ಸರಿಯಾಗಿ ಕೂತಿತು. ಗಾಜಿನಾಚೆಯಿಂದ ನೋಡಿದ ಶೈಲಾ, "ಹೇಳಿ ಮಾಡಿಸಿದಂಗ ಐತಿ ನೋಡ್ರಿ ಅಕ್ಕಾ" ಎಂದು ಮೊದಲ ಸಲ ನಕ್ಕಳು. ಮೈ ಬೆಚ್ಚಗಾಯಿತು ಎಂದು ಸಿಸ್ಟರೂ ಹೇಳಿದರು. ಎಲ್ಲರೂ ನನ್ನನ್ನು ಹೊಗಳುವಾಗ ನನಗೆ ಮಾತ್ರ ಅಮೀರಬಿಯ ಮಾತು ಕಿವಿಯಲ್ಲಿ ಕೂತಿತ್ತು. ಸರಿ ಅಳತೆಗೆ ಹರಿಯುವ ಬಟ್ಟೆ ಒಂದೇ.

ಮರುದಿನ ಕೂಸಿನ ತೂಕ ಇಳಿಯಿತು. ಮೊದಮೊದಲು ಎಲ್ಲ ಕೂಸುಗಳದೂ ಇಳಿಯುತ್ತದೆ ಎಂದರು ಡಾಕ್ಟರು. ಅವರಿಗೇನು ಗೊತ್ತು ನಾನು ಹಲ್ಲಿನಿಂದ ಹರಿದದ್ದು? ಅದರ ಮರುದಿನವೂ ಇಳಿಯಿತು. ಆಮೇಲೆ ನಾನು ತೂಕ ಕೇಳುವುದನ್ನೇ ಬಿಟ್ಟೆ. ಒಳಗೆ ಬಿಟ್ಟಾಗಲೆಲ್ಲ ಕುಲಾವಿಯ ಅಂಚನ್ನು ನೋಡುತ್ತಿದ್ದೆ. ಅದು ಸಡಿಲಾದಂತೆ ಕಾಣುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದರೆ ಇನ್ನೂ ಸಡಿಲು. ನಿದ್ದೆ ಬರಲಿಲ್ಲ, ತುತ್ತು ಇಳಿಯಲಿಲ್ಲ. ಹೇಮಂತನಿಗೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ಅವನು ನಕ್ಕರೂ ತಡೆಯಲಾರೆ, ನಂಬಿದರೂ ತಡೆಯಲಾರೆ.

ಎಷ್ಟು ದಿನ ಹಾಗೆ ಕಳೆದೆನೋ. ಒಂದು ಮಧ್ಯಾಹ್ನ ಗಾಜಿನ ಪೆಟ್ಟಿಗೆಗಳ ಕೋಣೆಯ ಬಾಗಿಲು ತೆರೆಯಿತು.

"ಶೈಲಾ ಅವರ ಕೂಸಿನ ಕಡೆಯವರು ಯಾರ್ರೀ?"

ಆ ಬಾಗಿಲಿಂದ ಹೆಸರು ಕೂಗಿದರೆ ಏನರ್ಥ ಎಂದು ಅಲ್ಲಿ ಕೂತವರಿಗೆಲ್ಲ ಗೊತ್ತು. ಹೇಮಂತ ಔಷಧಿ ತರಲು ಹೋಗಿದ್ದ. ನಾನು ಎದ್ದೆ. ಬಂದವರು ಬೇರೆ ಸಿಸ್ಟರ್, ಕೈಯಲ್ಲಿ ನಮ್ಮ ಕುಲಾವಿ ಇತ್ತು. ಕೂಸಿನ ತಲೆಯ ಮೇಲಲ್ಲ, ಅವರ ಕೈಯಲ್ಲಿ.

"ನೀವ ಏನ ಇದನ್ನ ಹೊಲಿಸಿದವರು? ಒಂದೀಟು ಬುದ್ಧಿ ಬ್ಯಾಡೇನ್ರಿ?"

"ಏನಾತ್ರಿ?"

"ಏನಾತು ಅಂದ್ರ? ಹಣಿ ಮ್ಯಾಲೆ ಗೆರಿ ಬಿದ್ದೈತಿ. ಬಿಗಿ ಆಗೇತಿದು. ಕೂಸ ಬೆಳಿತೈತಿ ಅನ್ನೋದು ಗೊತ್ತಿಲ್ಲೇನು? ಎರಡ ಬಟ್ಟು ಹೆಚ್ಚ ಬಿಟ್ಟ ಹೊಲಿಸಿದ್ರ ಏನ ಗಂಟ ಹೋಗ್ತಿತ್ತು?"

"ಇನ್ನೊಮ್ಮೆ ಹೇಳ್ರಿ ಸಿಸ್ಟರ್."

"ಬಿಗಿ ಆಗೇತಿ ಅಂದೆ! ದೊಡ್ಡದ ತರ್ರಿ!"

ಬಾಗಿಲು ಮುಚ್ಚಿತು. ನಾನು ಅಲ್ಲೇ ನೆಲಕ್ಕೆ ಕುಸಿದು, ಕುಲಾವಿಯನ್ನು ಬಾಯಿಗೊತ್ತಿಕೊಂಡು ಹೋ ಎಂದು ಅತ್ತೆ. ಆ ಅಳು ಕೇಳಿ ವಾರ್ಡಿನಿಂದ ಶೈಲಾ ಗೋಡೆ ಹಿಡಿದುಕೊಂಡು ಓಡಿ ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕೈಯಲ್ಲಿ ಕುಲಾವಿ ಕಂಡವಳು ಅಲ್ಲೇ ನಿಂತುಬಿಟ್ಟಳು, ಹತ್ತಿರ ಬರಲಿಲ್ಲ.

ನಾನು ಎದ್ದು ಹೋಗಿ ಅದನ್ನು ಅವಳ ಕೈಗಿಟ್ಟೆ.

"ಸಣ್ಣದಾತಂತವಾ," ಅಂದೆ. "ನಿನ್ನ ಮಗಳಿಗೆ ಇದು ಸಾಲವಲ್ದಂತ."