ಕಣ್ಣಿಲ್ಲದ ಸೂಜಿ

ಅಂಗಡಿಯ ಇಪ್ಪತ್ತೆರಡು ಮೆಟ್ಟಿಲನ್ನು ದರ್ಜಿ ಇವತ್ತು ಎರಡೇ ನೆಗೆತಕ್ಕೆ ಹತ್ತಿದ. ಮೂರನೆಯ ನೆಗೆತ ಮಿಕ್ಕಿತು, ಅದನ್ನು ನಾಳೆಗೆಂದು ಎತ್ತಿಟ್ಟ. ಹೀಗೆಂದು ಅವನೇ ಡಾಕ್ಟರಮ್ಮನ ಮುಂದೆ ಬುರುಡೆ ಬಿಡುತ್ತಿದ್ದ. ಪಕ್ಕದಲ್ಲಿ ಕೂತ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು.

ಆರು ವರ್ಷದಿಂದ ಅವನ ಬಲಮಂಡಿ ತುಕ್ಕು ಹಿಡಿದ ಕತ್ತರಿ. ಡಾಕ್ಟರಮ್ಮ ಇವತ್ತು ಹೂಂ ಎಂದರೆ ಮಹಡಿಯ ಅಂಗಡಿಗೆ ವಾಪಸು. ಇಲ್ಲವಾದರೆ ಅಲ್ಲಿನ ಕತ್ತರಿ ತಮ್ಮನ ಕೈಗೇ.

"ಅಂಗಿ ಹೊಲಿ ಅಂದ್ರೆ ಗುಡಾರ ಹೊಲೀತಾನೆ ಡಾಕ್ಟ್ರೇ ನನ್ನ ತಮ್ಮ. ನಾನು ಅಂಗಡಿಗೆ ಹೋಗಬಹುದು ಅಂತ ಒಂದು ಸಹಿ ಹಾಕಿಬಿಡಿ. ಎಲ್ಲ ನಿಮ್ಮ ಮಾತ್ರೆ, ವ್ಯಾಯಾಮದ ಮಹಿಮೆ."

ನಿನ್ನೆ ಎದುರು ಬೀದಿಯಲ್ಲಿ ಚೀನೀ ಅಕ್ಯುಪಂಕ್ಚರ್ ಮಾಡುವ ಅಕ್ಕನಿಗೂ ಇದೇ ಮಾತು ಹೇಳಿದ್ದ. ಮಾತ್ರೆಯ ಜಾಗದಲ್ಲಿ ಸೂಜಿ ಇತ್ತು, ಅಷ್ಟೇ. ಅವಳ ಸುದ್ದಿ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ.

ಮೊದಲ ದಿನ ಆ ಸೂಜಿ ಕಂಡು ಅವನಿಗೆ ತಡೆಯಲಾಗಿರಲಿಲ್ಲ. ಕೂದಲಿನಷ್ಟು ತೆಳು.

"ಇದಕ್ಕೆ ಕಣ್ಣೇ ಇಲ್ವಲ್ಲಕ್ಕಾ, ದಾರ ಎಲ್ಲಿ ಪೋಣಿಸ್ತೀರಿ?"

"ನಿಮ್ಮನ್ನ ಹೊಲಿಯೋಕೆ ಬಂದಿಲ್ಲಪ್ಪ. ಸುಮ್ನೆ ಮಲಗಿ."

ನಲವತ್ತು ವರ್ಷ ಬಟ್ಟೆಗೆ ಚುಚ್ಚಿದವನು ಅಂದು ತನ್ನ ಪಾದಕ್ಕೆ ಚುಚ್ಚಿಸಿಕೊಂಡ. ಸೊಳ್ಳೆಯೂ ನಾಚುವಷ್ಟು ಸಣ್ಣ ನೋವು. ಆಮೇಲೆ ಮಂಡಿಯ ಸುತ್ತ ಏನೋ ಬೆಚ್ಚಗೆ ಹರಿದ ಹಾಗಾಯಿತು. ನೋವು ಮಂಡಿಯಲ್ಲಿದ್ದರೆ ಪಾದಕ್ಕೆ ಯಾಕೆ ಸೂಜಿ? ಈ ಪ್ರಶ್ನೆ ಅವನನ್ನು ವಾರವೆಲ್ಲ ಕೊರೆಯಿತು.

ಡಾಕ್ಟರಮ್ಮ ಪೆನ್ನು ತೆರೆದರು. ಆಗ ಹೆಂಡತಿ ಕೈಚೀಲದಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಗಿರಾಕಿಗಳ ಅಳತೆ ಬರೆಯುವ ಚೀಟಿ. ಅದರಲ್ಲಿ ದರ್ಜಿ ತನ್ನದೇ ಅಳತೆ ಬರೆದಿದ್ದ: ಎಡಮಂಡಿ ಹದಿನೈದು ಇಂಚು, ಬಲಮಂಡಿ ಬೆಳಿಗ್ಗೆ ಹದಿನಾರು, ಸಂಜೆ ಹದಿನಾರೂ ಮುಕ್ಕಾಲು. ಪಕ್ಕದಲ್ಲಿ ದಿನದಿನದ ಅಕ್ಯುಪಂಕ್ಚರ್ ಸೂಜಿ, ಮಾತ್ರೆ, ವ್ಯಾಯಾಮ, ಹತ್ತಿದ ಮೆಟ್ಟಿಲು.

"ಬಾಯಲ್ಲಿ ಏನು ಬೇಕಾದ್ರೂ ಬಿಡ್ತಾರೆ," ಎಂದಳು. "ಅಳತೆ ತಪ್ಪು ಬರೆಯೋಕೆ ಮಾತ್ರ ಇವರಿಗೆ ಕೈ ಬರಲ್ಲ."

ಬೈಗುಳಕ್ಕೆ ಸಿದ್ಧನಾಗಿ ದರ್ಜಿ ತಲೆ ತಗ್ಗಿಸಿದ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಓದತೊಡಗಿದ್ದರು.

"ಸೂಜಿ ಹಾಕಿಸಿದ ದಿನ ಊತ ಇಳಿದಿಲ್ಲ, ಆದ್ರೆ ಮೆಟ್ಟಿಲು ಜಾಸ್ತಿ. ವ್ಯಾಯಾಮ ಬಿಟ್ಟ ಮಾರನೇ ದಿನ ಎರಡೂ ಕೆಟ್ಟಿದೆ. ಯಾಕಿರಬಹುದು?"

"ನಾನೂ ಅದನ್ನೇ ಯೋಚಿಸ್ತಿದೀನಿ," ಎಂದ ದರ್ಜಿ.

"ಇಷ್ಟಕ್ಕೇ ಇದರಿಂದ ಅದು ಅಂತ ಹೇಳೋಕಾಗಲ್ಲ. ಆದ್ರೆ ಸೂಜಿ ಬೇಡ ಅಂತ ನಾನ್ಯಾವಾಗ ಅಂದೆ? ನೀವು ಯಾವ ಮಾತ್ರೆ ನುಂಗ್ತೀರಿ ಅಂತ ಸೂಜಿ ಹಾಕೋರಿಗೂ ಗೊತ್ತಿರಬೇಕು ತಾನೇ? ಅವರ ನಂಬರ್ ಕೊಡಿ, ಮಾತಾಡ್ತೀನಿ." ಚೀಟಿಯನ್ನು ಅವನತ್ತ ಸರಿಸಿ ಪೆನ್ನು ಕೊಟ್ಟರು. "ಇವತ್ತಿನ ಸಾಲು ಖಾಲಿ ಇದೆ. ಇಪ್ಪತ್ತೆರಡು ಅಂತ ಬರೆದ್ರೆ ಸಹಿ ಹಾಕ್ತೀನಿ. ಕಮ್ಮಿ ಇದ್ರೆ ಇನ್ನೊಂದು ತಿಂಗಳು ಎಲ್ಲಾನೂ ಮುಂದುವರಿಸೋಣ, ಅಳತೆ ಸಮೇತ."

ಪೆನ್ನು ಎರಡರ ಅಂಕಿಯ ಮೊದಲ ತಿರುವಿಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ದರ್ಜಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದ.

"ಏಳು," ಎಂದ. "ಕಂಬಿ ಹಿಡ್ಕೊಂಡು. ಐದನೇದರಲ್ಲಿ ಕೂತಿದ್ದೆ."

ಹೆಂಡತಿ ಇನ್ನೂ ಅವನನ್ನೇ ನೋಡುತ್ತಿದ್ದಳು.

"ಗುಡಾರ ಅಂದದ್ದೂ ಸುಳ್ಳು ಡಾಕ್ಟ್ರೇ. ತಮ್ಮ ಚೆನ್ನಾಗೇ ಹೊಲೀತಾನೆ."