ಬೋರ್ಡು ಓದಿದ್ರಿ, ಡಾಕ್ಟರು ಏನ್ ಓದ್ಯಾರ ಕೇಳಿದ್ರೇನು?

ಹೊರ್ತಿಯ ಸೈದಾಬಿ ರೊಟ್ಟಿ ಬೇಯಿಸುವಾಗ ಕೈ ಹಂಚಿಗೆ ಹತ್ತಿ ಸುಟ್ಟಿತು. ಆಕೆಗೆ ಗೊತ್ತೇ ಆಗಲಿಲ್ಲ. ಕಮರು ವಾಸನೆ ಬಂದ ಮೇಲೆ ನೋಡಿಕೊಂಡಳು.

ಆ ಕೈಮೇಲೆ ಮಾಸಲು ಮಚ್ಚೆ ಎದ್ದು ಎಂಟು ತಿಂಗಳಾಗಿತ್ತು. ಪೇಟೆಯಲ್ಲಿ ‘ಚರ್ಮರೋಗ ತಜ್ಞ’ ಎಂಬ ಬೋರ್ಡು ಹಾಕಿಕೊಂಡವನ ಹತ್ತಿರ ಗಂಡ ಮೀರಾಸಾಬ ತೋರಿಸುತ್ತಿದ್ದ. ಹೋದಾಗೆಲ್ಲ ಅದೇ ಮುಲಾಮು.

ಆಶಾ ಕಾರ್ಯಕರ್ತೆ ಪ್ರಜ್ಞಾ ಸುದ್ದಿ ಕೇಳಿ ಬಂದಳು. ಸೈದಾಬಿಗೆ ಕಣ್ಣು ಮುಚ್ಚಲು ಹೇಳಿ, ಪೆನ್ನಿನ ತುದಿಯಿಂದ ಮಚ್ಚೆ ಮುಟ್ಟಿದಳು.

“ಗೊತ್ತಾತೇನ್ರಿ?”

“ಏನೂ ಇಲ್ಲವ್ವ.”

“ಮುಟ್ಟಿದ್ದು ತಿಳೀಲಿಲ್ಲಂದ್ರ ಕುಷ್ಠ ಇರಬಹುದು. ನಾಳೆ ವಿಜಯಪುರದ ಸರಕಾರಿ ದವಾಖಾನಿಗೆ ಹೋಗೂಣು.”

ಮೀರಾಸಾಬ ರೇಗಿದ. “ಏನರ ಅನಬ್ಯಾಡ! ರಕ್ತ ಕಡಿಮಿ ಅಂತ ನಮ್ಮ ಡಾಕ್ಟರು ಹೇಳ್ಯಾರ.”

“ಅವರು ಏನ್ ಓದ್ಯಾರ್ರಿ?”

“ಬೋರ್ಡಿನ ಮ್ಯಾಲೆ ತಜ್ಞ ಅಂತ ಐತಲ್ಲ!”

“ಬೋರ್ಡು ಯಾರ ಬೇಕಾದ್ರೂ ಬರಸ್ತಾರ್ರಿ.”

ಸೈದಾಬಿ ಹಟ ಹಿಡಿದಿದ್ದರಿಂದ ಮರುದಿನ ಮೂವರೂ ವಿಜಯಪುರಕ್ಕೆ ಹೋದರು. ಅಲ್ಲಿ ಚರ್ಮರೋಗ ವೈದ್ಯೆ ಫಿರದೋಸ ಮಚ್ಚೆ ನೋಡಿದರು, ಮೊಣಕೈ ನರ ಒತ್ತಿ ನೋಡಿದರು, ತಪಾಸಣೆ ಮಾಡಿಸಿದರು. “ಕುಷ್ಠ. ಗುಳಿಗಿ ಪುಕ್ಕಟೆ ಕೊಡ್ತೇವಿ, ಬಿಡದಂಗ ತಗೊಂಡ್ರ ರೋಗ ಹೋಗ್ತೈತಿ. ಆದ್ರ ನರ ಸೊರಗಿ ಎರಡು ಬೆರಳು ಬಾಗ್ಯಾವ. ಮೊದಲ ಬಂದಿದ್ರ ಉಳೀತಿದ್ವು.”

ಮೀರಾಸಾಬನಿಗೆ ಇನ್ನೂ ಅನುಮಾನ. “ನೀವು ಏನ್ ಓದೀರಿ ಮ್ಯಾಡಂ?”

ವೈದ್ಯೆ ಬೇಸರ ಮಾಡಿಕೊಳ್ಳಲಿಲ್ಲ. “ಕೇಳಬೇಕಾದ್ದ ಕೇಳಿದ್ರಿ. ಎಂಬಿಬಿಎಸ್ ಐದೂವರಿ ವರ್ಷ. ಆಮ್ಯಾಲೆ ಬರೇ ಚರ್ಮದ ರೋಗದಾಗ ಎಂ.ಡಿ. ಮೂರು ವರ್ಷ. ಇದು ನನ್ನ ವೈದ್ಯಕೀಯ ಪರಿಷತ್ತಿನ ನೋಂದಣಿ ನಂಬರು.”

ತಿರುಗಿ ಬರುವಾಗ ಸೈದಾಬಿ ಪೇಟೆಯಲ್ಲೇ ಬಸ್ಸಿಳಿದು ನೆಟ್ಟಗೆ ಆ ‘ತಜ್ಞ’ನ ಹತ್ತಿರ ನಡೆದಳು.

“ನಿನ್ನ ನಂಬರು ಎಲ್ಲೈತಿ?”

ಅವನು ಗೋಡೆಯ ಮೇಲಿನ ಚೌಕಟ್ಟು ತೋರಿಸಿದ. ಪ್ರಜ್ಞಾ ಗಟ್ಟಿಯಾಗಿ ಓದಿದಳು. ಮೂರು ತಿಂಗಳ ಬ್ಯೂಟಿ ಪಾರ್ಲರ್ ತರಬೇತಿ!

“ಎಂಟು ತಿಂಗಳು ಈ ಕೈ ನೋಡಿದಿ. ಮುಟ್ಟಿದ್ದು ತಿಳೀತದೇನು ಅಂತ ಒಮ್ಮೆರ ಕೇಳಿದೇನೋ? ನನ್ನ ಬೆರಳು ನೀ ಹೊಳ್ಳಿ ಕೊಡ್ತೀಯೇನು?”

“ಅಕ್ಕಾರ, ಸಾವಕಾಶ ಮಾತಾಡ್ರಿ, ಮಂದಿ ಕುಂತಾರ.”

“ಮಂದಿ ಕೇಳಲಿ ಅಂತನ ಬಂದೇನಿ!”

ಕುಳಿತಿದ್ದವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಮೀರಾಸಾಬ ಅಂದೇ ತಾಲ್ಲೂಕು ಆರೋಗ್ಯಾಧಿಕಾರಿಗೆ ದೂರು ಬರೆದುಕೊಟ್ಟ. ಈಗ ಆ ಬಾಗಿಲಿಗೆ ಬೀಗ ಬಿದ್ದಿದೆ. ಸೈದಾಬಿಯ ಮಚ್ಚೆ ಮಾಯುತ್ತಿದೆ. ಎರಡು ಬೆರಳು ಮಾತ್ರ ಇನ್ನೂ ನೆಟ್ಟಗಾಗಿಲ್ಲ.

ನಿಮ್ಮ ಮನೆಯವರ ಮೈಮೇಲೆ ಮುಟ್ಟಿದ್ದು ತಿಳಿಯದ ಮಚ್ಚೆ ಇದ್ದರೆ ಇವತ್ತೇ ಸರಕಾರಿ ದವಾಖಾನೆಗೆ ತೋರಿಸಿರಿ. ಯಾವ ಡಾಕ್ಟರೇ ಇರಲಿ, ಏನು ಓದಿದ್ದೀರಿ, ನೋಂದಣಿ ನಂಬರು ಯಾವುದು ಎಂದು ಕೇಳಿರಿ. ನಿಜವಾಗಿ ಓದಿದವರು ಹೇಳುತ್ತಾರೆ. ಕೇಳಿದ್ದಕ್ಕೆ ಸಿಟ್ಟಾಗುವವರಿಗೆ ಕೈ ತೋರಿಸಬೇಡಿರಿ.