ಕಮಲಾಪುರದಿಂದ ಕರೆತಂದ ಸಾಕ್ಷಿ

ಆರೋಗ್ಯ ವಿಮೆಯ ಹೊಸ ನಿಯಮದ ಮೇಲೆ ಅವತ್ತು ಕಲಬುರಗಿಯಲ್ಲಿ ಸಾರ್ವಜನಿಕ ಸಭೆ. ಮೊದಲು ಸರ್ಕಾರಿ ದವಾಖಾನೆಯಲ್ಲಿ ತೋರಿಸಿ ಚೀಟಿ ತರಬೇಕು, ಆಮೇಲೆಯೇ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆ ಎಂಬುದು ಆ ನಿಯಮ. ಚೀಟಿ ಬೇಕೆಂದು ಅರ್ಧ ಜನ, ಬೇಡವೆಂದು ಇನ್ನರ್ಧ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಬೇಡ ಅನ್ನುವವರ ಮುಂದಾಳು ಕಮಲಾಪುರದ ನಿವೃತ್ತ ಮಾಸ್ತರ ನೀಲಕಂಠಪ್ಪ. ಬಸ್ಸು ತುಂಬ ಜನರನ್ನು ಹೊರಡಿಸಿದ್ದಲ್ಲದೆ ಒಬ್ಬ ಸಾಕ್ಷಿಯನ್ನೂ ಹುಡುಕಿಕೊಂಡಿದ್ದರು. ಅವಳೇ ಶಾಹಜಾದಿ.

ಮಾಸ್ತರು ಎಡವಿದ್ದು ಅಲ್ಲೇ. ಅದು ಗೊತ್ತಿದ್ದವಳು ಇಡೀ ಬಸ್ಸಿನಲ್ಲಿ ಒಬ್ಬಳೇ, ಆಶಾ ಕಾರ್ಯಕರ್ತೆ ಸುನಂದಾ.

ಆರು ವರ್ಷದ ಹಿಂದೆ ಹೊಟ್ಟೆನೋವೆಂದು ಅಳುತ್ತಿದ್ದ ಶಾಹಜಾದಿಯನ್ನು ನೇರ ಕಲಬುರಗಿಯ ಖಾಸಗಿ ಆಸ್ಪತ್ರೆಗೆ ಕರೆದೊಯ್ದವಳು ಸುನಂದಾ. ಗರ್ಭಕೋಶ ಕೆಟ್ಟಿದೆ ಎಂದರು, ತೆಗೆದೇ ಬಿಟ್ಟರು. ಇಪ್ಪತ್ತಾರರ ಹೆಣ್ಣು, ಹೆತ್ತದ್ದು ಒಂದೇ ಮಗಳನ್ನು. ಸುನಂದಾ ಮೂರು ದಿನ ಮಂಚದ ಪಕ್ಕ ಕೂತು ಮೋಸಂಬಿ ಸುಲಿದು ಕೊಟ್ಟಿದ್ದಳು. ಅಂದಿನಿಂದ ಶಾಹಜಾದಿಗೆ ಅವಳು ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು. ಅತ್ತೆ ಅಮೀನಾಬಿ ಮಾತ್ರ ಸೊಸೆಯನ್ನು "ಕೆಟ್ಟ ಹೊಟ್ಟಿಯಾಕಿ" ಎಂದೇ ಕರೆಯುತ್ತಿದ್ದಳು.

ಹೋದ ವರ್ಷ ಶಾಹಜಾದಿಯ ಸೊಂಟನೋವಿಗೆ ಗುಳಿಗೆ ಕೇಳಲು ಸುನಂದಾ ಹಳೆಯ ಸ್ಕ್ಯಾನಿಂಗ್ ಕಾಗದ ಹಿಡಿದು ಸರ್ಕಾರಿ ದವಾಖಾನೆಗೆ ಹೋಗಿದ್ದಳು. ಹೊಸ ಡಾಕ್ಟರಮ್ಮ ಅದನ್ನು ಓದಿ ಹುಬ್ಬು ಗಂಟಿಕ್ಕಿದರು. "ಗರ್ಭಚೀಲ ಛಲೋನೇ ಇತ್ತಲ್ಲ. ಗುಳಿಗ್ಯಾಗ ಹೋಗೋ ಬ್ಯಾನಿ. ಯಾಕ ತೆಗಸಿದ್ರಿ?"

ಅಂದಿನಿಂದ ಆ ಮಾತು ಸುನಂದಾಳ ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಶಾಹಜಾದಿ ಮತ್ತೆ ಮುಖ ನೋಡುವಳೇ? ಆ ಹೆದರಿಕೆಯಲ್ಲೇ ಒಂದು ವರ್ಷ ಕಳೆದಿತ್ತು.

ಸಭೆಯಲ್ಲಿ ಶಾಹಜಾದಿ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. "ಚೀಟಿ ಗೀಟಿ ಇಲ್ದನೇ ಅಕ್ಕ ನನ್ನ ಒಯ್ದಾಳ್ರೀ. ಚೀಟಿಗಿ ಕಾಯ್ಕೋತ ಕುಂತಿದ್ರ ನಾ ಸತ್ತೇ ಹೋಗ್ತಿದ್ದೆ."

ಮಾಸ್ತರ ಕಡೆಯವರು ಚಪ್ಪಾಳೆ ತಟ್ಟಿದರು. ಸುನಂದಾಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕು ಹಿಡಿದಳು.

"ಆಕಿಗಿ ಗೊತ್ತಿಲ್ರೀ. ಆಕಿ ಗರ್ಭಚೀಲಕ್ಕ ಏನೂ ಆಗಿದ್ದಿಲ್ಲ. ಮೊದಲ ಸರ್ಕಾರಿ ದವಾಖಾನ್ಯಾಗ ತೋರಿಸಿದ್ರ ಉಳೀತಿತ್ತು. ನಾನೇ ಒಯ್ದು ತೆಗಸೀನಿ."

ಈಗ ಚೀಟಿ ಬೇಕೆನ್ನುವವರು ಚಪ್ಪಾಳೆ ತಟ್ಟಿದರು. ಒಬ್ಬಳ ಹೊಟ್ಟೆ ಕೊಯ್ದದ್ದಕ್ಕೆ ಚಪ್ಪಾಳೆ! ಎಂಥ ಜನವಪ್ಪಾ! "ಅದು ಒಬ್ಬಾಕಿ ಕತಿ," ಎಂದು ಮಾಸ್ತರು ಕೂಗಿದರು, "ಚೀಟಿ ಸಿಗದೇ ಹಾದ್ಯಾಗ ಸತ್ತವರ ಕತಿ ಯಾರು ಹೇಳ್ತೀರಿ?" ಅದೂ ಸುಳ್ಳಲ್ಲ. ಆದರೆ ಶಾಹಜಾದಿ ಆಗಲೇ ಹೊರಗೆ ನಡೆದಿದ್ದಳು.

ಮರಳಿ ಬರುವ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಸುನಂದಾ ಪಕ್ಕದಲ್ಲಿ ಕೂತಳು.

"ಯಾವಾಗ ಗೊತ್ತಾತು?" ಶಾಹಜಾದಿ ತಿರುಗದೆಯೇ ಕೇಳಿದಳು.

"ಹ್ವಾದ ವರ್ಷ."

"ಒಂದು ವರ್ಷ ನನ್ನ ಮನ್ಯಾಗ ಚಾ ಕುಡದಿ. ಮಂದಿ ಮುಂದ ಹೇಳಾಕ ಬಾಯಿ ಬಂತು, ಮನ್ಯಾಗ ಬರಲಿಲ್ಲೇನು?"

ಸುನಂದಾ ಅತ್ತಳು. "ತಪ್ಪಾತವ್ವಾ. ನೀ ನನ್ನ ಬಿಡ್ತಿ ಅಂತ ಅಂಜಿದ್ದೆ."

ಶಾಹಜಾದಿ ತನ್ನ ಕೈಚೀಲ ಎತ್ತಿ ಇಬ್ಬರ ನಡುವೆ ಇಟ್ಟಳು. ಕಮಲಾಪುರ ಬರುವವರೆಗೂ ಅದು ಅಲ್ಲೇ ಇತ್ತು. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದವಳು ತಿರುಗಿ ನಿಂತಳು.

"ಆ ಕಾಗದ ಎಲ್ಲೈತಿ?"

"ನಮ್ಮನಿ ಟ್ರಂಕಿನ್ಯಾಗ."

"ತಗೊಂಡು ಬಾ. ಈಗೇ ಬಾ. ನಮ್ಮತ್ತಿ ಮುಂದ ನಿಂತು ಓದು. ನನ್ನ ಹೊಟ್ಟಿ ಛಲೋ ಇತ್ತು ಅಂತ ಆಕಿ ಕಿವಿಗಿ ಬೀಳಬೇಕು." ಅವಳು ಕೈಚೀಲವನ್ನು ಹೆಗಲಿಗೇರಿಸಿದಳು. "ನಿನ್ನ ಜೋಡಿ ಮಾತಾಡೋದು, ಬಿಡೋದು, ಆಮ್ಯಾಲ ನೋಡ್ತೀನಿ."

ಸುನಂದಾ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆ ಕಡೆ ಓಡಿದಳು.